ಮೂರು ಹುರುಪೆ, ಮೂರು ತ್ರಿಕೋನ

ದೊಡ್ಡಪ್ಪ: ನಿನ್ನ ಅಂಗಿಯ ಮೇಲಿರುವ ಈ ಲಾಂಛನವನ್ನು ನಾನು ಬೇರೆ ಕಡೆ ನೋಡಿದ್ದೇನೆ, ಮಗಳೇ. ಕೆಳಗೆ ಎರಡು ತ್ರಿಕೋನ, ಅವುಗಳ ಮೇಲೆ ಇನ್ನೊಂದು, ನಡುವೆ ತಲೆಕೆಳಗಾದ ಖಾಲಿ ಜಾಗ. ಜಪಾನಿನ ಕಾಮಾಕುರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರ ನಡೆಸಿದ ಹೋಜೋ ಮನೆತನದ ಲಾಂಛನವಲ್ಲವೇ ಇದು? ನಿನಗೆಲ್ಲಿ ಸಿಕ್ಕಿತು?

ಮಗಳು: ವಿಡಿಯೋ ಗೇಮಿನಲ್ಲಿ ದೊಡ್ಡಪ್ಪ. ಇದರ ಹೆಸರು ಟ್ರೈಫೋರ್ಸ್. ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಸೇರಿ 1986ರಲ್ಲಿ ‘ದ ಲೆಜೆಂಡ್ ಆಫ್ ಜೆಲ್ಡಾ’ ಅನ್ನುವ ಆಟ ಮಾಡಿದರು. ಹೈರೂಲ್ ಅನ್ನುವ ರಾಜ್ಯ, ಜೆಲ್ಡಾ ಅನ್ನುವ ರಾಜಕುಮಾರಿ, ಹಸಿರು ಟೊಪ್ಪಿಗೆಯ ಹುಡುಗ ಲಿಂಕ್, ರಾಜ್ಯ ನುಂಗಲು ಬರುವ ಗ್ಯಾನನ್. ಅವತ್ತಿನಿಂದ ಇವತ್ತಿನವರೆಗೆ ಆ ಸರಣಿ ನಿಂತಿಲ್ಲ. ಮೂರು ತ್ರಿಕೋನದಲ್ಲಿ ಒಂದು ಶಕ್ತಿ, ಒಂದು ಜ್ಞಾನ, ಇನ್ನೊಂದು ಧೈರ್ಯ. ಮೂರೂ ಒಂದಾಗಿರುವಾಗ ಮುಟ್ಟಿದವರ ಬಯಕೆ ನೆರವೇರುತ್ತದೆ. ಮುಟ್ಟಿದವರ ಮನಸ್ಸಿನಲ್ಲಿ ಮೂರೂ ಸಮವಾಗಿಲ್ಲದಿದ್ದರೆ ಅದು ಒಡೆದುಹೋಗುತ್ತದೆ. ಯಾವ ಗುಣವನ್ನು ಹೆಚ್ಚಾಗಿ ನಂಬಿದ್ದಾರೋ ಆ ಒಂದೇ ಭಾಗ ಅವರ ಕೈಯಲ್ಲಿ ಉಳಿಯುತ್ತದೆ. ಗ್ಯಾನನ್ ಕೈಗೆ ಶಕ್ತಿ ಸಿಕ್ಕಿತು, ಉಳಿದೆರಡು ಜೆಲ್ಡಾಗೂ ಲಿಂಕ್‌ಗೂ ಹೋದವು. ಹೋಜೋ ಲಾಂಛನದ ವಿಷಯ ಆಡುವವರೆಲ್ಲ ಹೇಳುತ್ತಾರೆ, ಆದರೆ ಅದರ ಹಿಂದಿನ ಕಥೆ ಹೇಳುವವರು ಕಡಿಮೆ. ನೀವು ಹೇಳಿ.

ದೊಡ್ಡಪ್ಪ: ಹದಿನಾಲ್ಕನೆಯ ಶತಮಾನದ ‘ತೈಹೈಕಿ’ ಅನ್ನುವ ಯುದ್ಧಕಥನದಲ್ಲಿ ಅದು ಬರುತ್ತದೆ. ಹೋಜೋ ತೋಕಿಮಾಸ ಕಾಮಾಕುರದ ಹತ್ತಿರ ಸಮುದ್ರದಲ್ಲಿರುವ ಎನೋಶಿಮಾ ಎಂಬ ಪುಟ್ಟ ದ್ವೀಪಕ್ಕೆ ಹೋಗಿ, ತನ್ನ ಸಂತಾನಕ್ಕೆ ಏಳಿಗೆಯಾಗಲಿ ಎಂದು ವ್ರತ ಹಿಡಿದು ಕೂತ. ಇಪ್ಪತ್ತೊಂದನೆಯ ರಾತ್ರಿ ಒಬ್ಬ ಸ್ತ್ರೀ ಕಾಣಿಸಿಕೊಂಡಳು. ಹಿಂದಿನ ಜನ್ಮದಲ್ಲಿ ನೀನು ಹಾಕೋನೆಯ ಸನ್ಯಾಸಿಯಾಗಿದ್ದೆ, ಸದ್ಧರ್ಮಪುಂಡರೀಕ ಸೂತ್ರದ ಅರವತ್ತಾರು ಪ್ರತಿ ಬರೆದು ಅರವತ್ತಾರು ಪ್ರಾಂತ್ಯಗಳ ಪುಣ್ಯಸ್ಥಳಗಳಿಗೆ ಅರ್ಪಿಸಿದ್ದೆ, ಆ ಪುಣ್ಯದಿಂದ ನಿನ್ನ ವಂಶ ಜಪಾನನ್ನು ಆಳುತ್ತದೆ ಎಂದಳು. ಜೊತೆಗೆ ಒಂದು ಕಟ್ಟು ಹಾಕಿದಳು: ನಡತೆ ಕೆಟ್ಟರೆ ಏಳು ತಲೆಮಾರು ದಾಟುವುದಿಲ್ಲ. ಹಾಗೆ ಹೇಳಿ ದೊಡ್ಡ ಸರ್ಪವಾಗಿ ಸಮುದ್ರಕ್ಕೆ ಇಳಿದುಹೋದಳು. ಅವಳು ನಿಂತಿದ್ದ ಜಾಗದಲ್ಲಿ ಆ ಸರ್ಪದ ಮೂರು ಹುರುಪೆ ಬಿದ್ದಿದ್ದವು. ತೋಕಿಮಾಸ ಅವನ್ನೇ ಬಾವುಟಕ್ಕೆ ಹಾಕಿಕೊಂಡ.

ಮಗಳು: ಶಾಪವನ್ನೂ ಒಳಗಿಟ್ಟುಕೊಂಡ ವರ!

ದೊಡ್ಡಪ್ಪ: ಅದನ್ನೇ ನೀನು ಗಮನಿಸಬೇಕು. ಕಾಮಾಕುರದ ಹೋಜೋಗಳ ಆಳ್ವಿಕೆ 1333ರಲ್ಲಿ ಮುಗಿಯಿತು. ಏಳು ತಲೆಮಾರು ಕಳೆದು ಒಂಬತ್ತನೆಯದು ಬಂದಿತ್ತು, ಹಾಗಾಗಿ ನಾಶದ ಹೊತ್ತು ಬಂತು ಎಂದು ಆ ಕಥನವೇ ಹೇಳುತ್ತದೆ. ಆ ಮೂರು ಹುರುಪೆ ಆಳುವವರನ್ನು ಹೊಗಳುವ ಬಿರುದಿನಂತೆ ಕಾಣುತ್ತವೆ, ಕಥೆ ಓದಿದರೆ ಎಚ್ಚರಿಕೆಯಾಗಿ ಕೇಳುತ್ತವೆ. ಈಗ ಇನ್ನೊಂದು ಕೇಳು. ಎನೋಶಿಮಾದ ಆ ಸ್ತ್ರೀ ಯಾರು ಗೊತ್ತೇ? ಬೆಂಜೈತೆನ್. ನಮ್ಮ ಸರಸ್ವತಿ.

ಮಗಳು: ಶೃಂಗೇರಿಯಲ್ಲಿ ನಾವು ಕೈಮುಗಿಯುವ ಶಾರದೆಯೇ?

ದೊಡ್ಡಪ್ಪ: ಅದೇ ಮೂಲ, ಬೇರೆ ಪ್ರಯಾಣ. ಸುವರ್ಣಪ್ರಭಾಸ ಎಂಬ ಬೌದ್ಧ ಸೂತ್ರದಲ್ಲಿ ಸರಸ್ವತಿಗೆ ಒಂದು ಅಧ್ಯಾಯವೇ ಇದೆ. ಸೂತ್ರವನ್ನು ಓದುವವರಿಗೆ, ಕಾಪಾಡುವವರಿಗೆ ಮಾತಿನ ಬಲ ಕೊಡುತ್ತೇನೆ ಎಂದು ಅವಳು ಅಲ್ಲಿ ಮಾತು ಕೊಡುತ್ತಾಳೆ. ಭಾರತಕ್ಕೆ ಬಂದು ನಳಂದದಲ್ಲಿ ಓದಿ ಹೋದ ಚೀನಾದ ಭಿಕ್ಷು ಇತ್ಸಿಂಗ್ ಆ ಸೂತ್ರವನ್ನು 703ರಲ್ಲಿ ಚೀನೀ ಭಾಷೆಗೆ ತಂದ. ಅಲ್ಲಿಂದ ಅದು ಜಪಾನಿಗೆ ಹೋಯಿತು. ಆ ಅನುವಾದದ ಸರಸ್ವತಿಗೆ ಎಂಟು ಕೈ, ಕೈಯಲ್ಲಿ ಬಿಲ್ಲು, ಬಾಣ, ಖಡ್ಗ, ಪಾಶ. ನಮ್ಮಲ್ಲೂ ಮಹಾಸರಸ್ವತಿಯ ಧ್ಯಾನದಲ್ಲಿ ಎಂಟು ಕೈಯೇ, ವೀಣೆಯ ಶಾರದೆಯನ್ನು ಮಾತ್ರ ನೋಡಿ ಬೆಳೆದ ನಮಗೆ ಅದು ಮರೆತಿದೆ ಅಷ್ಟೆ. ಎನೋಶಿಮಾದ ದೇಗುಲದಲ್ಲಿ ಇವತ್ತಿಗೂ ಎರಡು ಮೂರ್ತಿಗಳಿವೆ. ಒಂದು ಎಂಟು ಕೈಗಳಲ್ಲಿ ಆಯುಧ ಹಿಡಿದದ್ದು, ಇನ್ನೊಂದು ಬಿವಾ ಎಂಬ ತಂತಿವಾದ್ಯ ಹಿಡಿದು ಕೂತದ್ದು. ಋಗ್ವೇದದಲ್ಲಿ ಅವಳು ನದಿ. ಜಪಾನಿಗೆ ಹೋದಾಗಲೂ ನೀರು ಅವಳನ್ನು ಬಿಡಲಿಲ್ಲ. ದ್ವೀಪ, ಕೆರೆಯ ನಡುಗಡ್ಡೆ, ಬುಗ್ಗೆ, ಇಂಥ ಕಡೆಗಳಲ್ಲೇ ಅವಳ ಗುಡಿ. ನೀರಿನ ಜೊತೆ ಸರ್ಪ ಬಂತು, ಡ್ರ್ಯಾಗನ್ ಬಂತು. ಹುರುಪೆ ಉದುರಿದ್ದು ಹಾಗೆ.

ಮಗಳು: ಹಾಗಾದರೆ ನನ್ನ ಅಂಗಿಯ ಮೇಲಿರುವುದು ಸರಸ್ವತಿಯ ಗುರುತು ಅಂತ ಹೇಳಬಹುದಲ್ಲ!

ದೊಡ್ಡಪ್ಪ: ಇಷ್ಟು ಬೇಗ ಬೇಡ. ಈ ಆಟ ಮಾಡಿದವರು ಹೋಜೋ ಲಾಂಛನ ನೋಡಿ ಬರೆದೆವು ಅಂತ ಹೇಳಿದ್ದಾರೆಯೇ?

ಮಗಳು: ಇಲ್ಲ. ಮಿಯಾಮೊಟೊ ಹೇಳಿರುವುದು ಬೇರೆಯೇ. ಆ ಆಟ ಮೊದಲಿಗೆ ಹಿಂದಿನ ಕಾಲದಲ್ಲೂ ಮುಂದಿನ ಕಾಲದಲ್ಲೂ ನಡೆಯಬೇಕಿತ್ತಂತೆ. ಟ್ರೈಫೋರ್ಸ್ ತುಂಡುಗಳು ಎಲೆಕ್ಟ್ರಾನಿಕ್ ಚಿಪ್‌ಗಳಾಗಬೇಕಿತ್ತು, ಎರಡು ಕಾಲಗಳ ನಡುವಿನ ಕೊಂಡಿಯಾಗಿ ಆ ಹುಡುಗನಿಗೆ ಲಿಂಕ್ ಅಂತ ಹೆಸರು. ಜೆಲ್ಡಾ ಅನ್ನುವ ಹೆಸರನ್ನು ಅಮೆರಿಕದ ಲೇಖಕ ಸ್ಕಾಟ್ ಫಿಟ್ಜೆರಾಲ್ಡ್ ಅವರ ಹೆಂಡತಿಯಿಂದ ತೆಗೆದುಕೊಂಡದ್ದು.

ದೊಡ್ಡಪ್ಪ: ನೋಡು. ಪುರಾಣ ಹುಡುಕಿಕೊಂಡು ಹೋದರೆ ಚಿಪ್ ಸಿಗುತ್ತದೆ. ಆಕಾರ ಒಂದೇ ಆದಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ. ತ್ರಿಕೋನದೊಳಗೆ ತಲೆಕೆಳಗಾದ ತ್ರಿಕೋನ ಬಿಡಿಸುವುದನ್ನು ಇಟಲಿಯ ಮಧ್ಯಯುಗದ ಚರ್ಚುಗಳ ನೆಲಹಾಸಿನಲ್ಲಿ ಅಮೃತಶಿಲೆ ಕೂಡಿಸುವವರು ಮಾಡಿದ್ದರು. ಪೋಲೆಂಡಿನ ಗಣಿತಜ್ಞ ಸಿಯರ್‌ಪಿನ್ಸ್ಕಿ 1915ರಲ್ಲಿ ಅದೇ ಆಕಾರವನ್ನು ಕೊನೆಯಿಲ್ಲದಂತೆ ಒಡೆಯುತ್ತಾ ಹೋದರು. ಅವರ ಹೆಸರಿನಲ್ಲೇ ಆ ತ್ರಿಕೋನ ಇದೆ. ಯಾರೂ ಯಾರಿಂದಲೂ ಕದ್ದದ್ದಲ್ಲ.

ಮಗಳು: ಆಟದ ಯಂತ್ರದ ಕಡೆಯಿಂದಲೂ ಒಂದು ಕಾರಣ ಇದೆ. ಆಗಿನ ಫ್ಯಾಮಿಕಾಮ್ ಯಂತ್ರದಲ್ಲಿ ಚಲಿಸುವ ಚಿತ್ರಗಳನ್ನು ಎಂಟೆಂಟು ಚುಕ್ಕಿಯ ಚೌಕಗಳಲ್ಲಿ ಬಿಡಿಸಬೇಕಿತ್ತು. ಒಂದು ಚೌಕಕ್ಕೆ ಮೂರೇ ಬಣ್ಣ. ಅಷ್ಟರಲ್ಲಿ ಸಿಂಹ ಬರೆದರೆ ನಾಯಿಯಾಗಿ ಕಾಣುತ್ತದೆ. ತ್ರಿಕೋನ ಮಾತ್ರ ತ್ರಿಕೋನವಾಗಿಯೇ ಉಳಿಯುತ್ತದೆ. ಮಗು ಮರಳಿನ ಮೇಲೆ ಬೆರಳಿನಲ್ಲಿ ಬರೆಯಬಲ್ಲಷ್ಟು ಸುಲಭ.

ದೊಡ್ಡಪ್ಪ: ಅದು ಒಪ್ಪಬೇಕಾದ ಮಾತು. ನಮ್ಮ ಜಿನಬಿಂಬಗಳನ್ನು ನೋಡು. ಕೂತ ಭಂಗಿ ಒಂದೇ, ಮುಖದ ಶಾಂತಿ ಒಂದೇ. ಪೀಠದ ಮೇಲಿನ ಪುಟ್ಟ ಲಾಂಛನ ನೋಡಿದ ಮೇಲೇ ಇವರು ಗೂಳಿಯ ಋಷಭನಾಥರು, ಇವರು ಸಿಂಹದ ಮಹಾವೀರರು ಎಂದು ಹೇಳುವುದು. ಗುರುತಿಸುವುದೇ ಲಾಂಛನದ ಮೊದಲ ಕೆಲಸ. ಅರ್ಥ ಆಮೇಲೆ ಬಂದು ಕೂರುತ್ತದೆ.

ಮಗಳು: ಟ್ರೈಫೋರ್ಸ್‌ಗೂ ಹಾಗೇ ಬಂತು. 1986ರ ಆಟದಲ್ಲಿ ಎರಡೇ ತ್ರಿಕೋನ ಇದ್ದವು ದೊಡ್ಡಪ್ಪ, ಶಕ್ತಿಯದು ಮತ್ತು ಜ್ಞಾನದ್ದು. ಶಕ್ತಿಯದನ್ನು ಗ್ಯಾನನ್ ಕದ್ದ. ಜ್ಞಾನದ್ದು ಅವನಿಗೆ ಸಿಗದಂತೆ ಜೆಲ್ಡಾ ಅದನ್ನು ಎಂಟು ತುಂಡು ಮಾಡಿ ಬಚ್ಚಿಟ್ಟಳು. ಮರುವರ್ಷ, 1987ರ ಎರಡನೆಯ ಆಟದಲ್ಲಿ, ಧೈರ್ಯದ ತ್ರಿಕೋನ ಬಂತು. ಲಿಂಕ್‌ಗೆ ಹದಿನಾರು ತುಂಬಿದಾಗ ಅವನ ಕೈ ಹಿಂಬದಿಯಲ್ಲಿ ರಾಜ್ಯದ ಲಾಂಛನದಂಥದೇ ಒಂದು ಗುರುತು ಮೂಡುತ್ತದೆ. 1991ರಲ್ಲಿ ಬಂದ ಆಟದ ಜಪಾನಿ ಹೆಸರೇ ದೇವತೆಗಳ ಟ್ರೈಫೋರ್ಸ್ ಅಂತ. ದೇವತೆಗಳ ಹೆಸರು ಗೊತ್ತಾಗಲು 1998ರ ‘ಒಕರೀನಾ ಆಫ್ ಟೈಮ್’ ಬರಬೇಕಾಯಿತು. ಅದರಲ್ಲಿ ದಿನ್ ಕೆಂಪು ಮಣ್ಣನ್ನು ರೂಪಿಸಿದಳು, ನೈರು ಲೋಕಕ್ಕೆ ನಿಯಮ ಕೊಟ್ಟಳು, ಫಾರೋರ್ ಆ ನಿಯಮ ಪಾಲಿಸುವ ಜೀವಿಗಳನ್ನು ಹುಟ್ಟಿಸಿದಳು. ಮೂವರೂ ಆಕಾಶಕ್ಕೆ ಮರಳಿದ ಜಾಗದಲ್ಲಿ ಮೂರು ತ್ರಿಕೋನ ಉಳಿದವು.

ದೊಡ್ಡಪ್ಪ: ಏನು ಹೇಳಿದೆ? ದೇವತೆಗಳು ಮರಳಿದ ಜಾಗದಲ್ಲಿ ಉಳಿದವು ಎಂದೆಯಾ?

ಮಗಳು: ಹೌದು.

ದೊಡ್ಡಪ್ಪ: ಎನೋಶಿಮಾದಲ್ಲೂ ದೇವತೆ ಹೊರಟ ಜಾಗದಲ್ಲಿ ಹುರುಪೆ ಉಳಿಯಿತು. ಇರಲಿ, ಆ ವಿಷಯಕ್ಕೆ ಮತ್ತೆ ಬರೋಣ. ನೀನು ವರ್ಷ ಹಾಕಿ ಹೇಳಿದ್ದರಿಂದ ನನಗೆ ಒಂದು ಸ್ಪಷ್ಟವಾಯಿತು. ಲಾಂಛನ ಮೊದಲು ನಿಂತಿತು, ಅದಕ್ಕೊಂದು ಸೃಷ್ಟಿಕಥೆ ಹನ್ನೆರಡು ವರ್ಷ ಆದಮೇಲೆ ಬೆಳೆಯಿತು. ಹೋಜೋಗಳದೂ ಹೀಗೆ. ತೋಕಿಮಾಸ ಬದುಕಿದ್ದು ಹನ್ನೆರಡನೆಯ ಶತಮಾನದ ಕೊನೆ, ಹದಿಮೂರನೆಯದರ ಮೊದಲಲ್ಲಿ. ಕಥೆ ಬರೆದದ್ದು ಅವನ ವಂಶ ಬಿದ್ದುಹೋದ ಮೇಲೆ. ಹೊಯ್ಸಳರ ಲಾಂಛನವನ್ನೇ ತಗೋ. ಹುಲಿಯನ್ನು ಇರಿಯುವ ಸಳನ ಕಥೆ ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ ಬೆಳಕಿಗೆ ಬರುತ್ತದೆ. ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ, ಚೋಳರ ಲಾಂಛನ ಹುಲಿ. ಆ ಗೆಲುವೇ ಕಲ್ಲಿನಲ್ಲಿ ಹುಲಿಬೇಟೆಯಾಯಿತು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ನನಗೆ ಆ ವಾದ ಸರಿ ಎನಿಸುತ್ತದೆ. ಪುರಾಣ ಬೆಳೆಯುವುದೇ ಹೀಗೆ, ಗುರುತಿನಿಂದ ಹಿಂದಕ್ಕೆ. ನಿನ್ನ ಆಟ ಪುರಾಣದಿಂದ ಏನನ್ನು ತೆಗೆದುಕೊಂಡಿತು ಎನ್ನುವುದಕ್ಕಿಂತ, ಅದು ಪುರಾಣದಂತೆಯೇ ಬೆಳೆಯಿತು ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಮಗಳು: ಮೂರು ಗುಣಗಳ ಬಗ್ಗೆ ಏನು ಹೇಳುತ್ತೀರಿ? ಇಚ್ಛಾ, ಜ್ಞಾನ, ಕ್ರಿಯಾ ಶಕ್ತಿಗಳ ಹಾಗೆಯೇ ಇದೆ ಅಂತ ನನ್ನ ಸ್ನೇಹಿತರು ಹೇಳುತ್ತಿರುತ್ತಾರೆ.

ದೊಡ್ಡಪ್ಪ: ಮೂರು ಎಲ್ಲೆಲ್ಲೂ ಇದೆ ಮಗಳೇ, ಎಣಿಸುತ್ತಾ ಹೋದರೆ ಮುಗಿಯುವುದಿಲ್ಲ. ಜಪಾನಿನಲ್ಲಿ ಹುಟ್ಟಿದ ಆಟಕ್ಕೆ ಜಪಾನಿನಲ್ಲೇ ಹತ್ತಿರದ ಮೂರನ್ನು ಹುಡುಕಬೇಕು. ಅಲ್ಲಿನ ಚಕ್ರವರ್ತಿಯ ಪಟ್ಟಕ್ಕೆ ಮೂರು ಪವಿತ್ರ ವಸ್ತುಗಳಿವೆ: ಕನ್ನಡಿ, ಖಡ್ಗ, ಮಣಿ. ಕನ್ಫ್ಯೂಷಿಯಸ್ ಪರಂಪರೆಯಲ್ಲಿ ಮೂರು ಸದ್ಗುಣಗಳು: ಜ್ಞಾನ, ಕರುಣೆ, ಧೈರ್ಯ. ಜಪಾನಿನ ವಿದ್ವಾಂಸರು ಇವೆರಡನ್ನೂ ಜೋಡಿಸಿದರು. ಕನ್ನಡಿ ಜ್ಞಾನ, ಮಣಿ ಕರುಣೆ, ಖಡ್ಗ ಧೈರ್ಯ. ಈಗ ನಿನ್ನ ಮೂರನ್ನು ಇದರ ಪಕ್ಕದಲ್ಲಿಟ್ಟು ನೋಡು.

ಮಗಳು: ಜ್ಞಾನ ಇದೆ. ಧೈರ್ಯ ಇದೆ. ಕರುಣೆ... ಇಲ್ಲ. ಅದರ ಜಾಗದಲ್ಲಿ ಶಕ್ತಿ ಇದೆ.

ದೊಡ್ಡಪ್ಪ: ಕರುಣೆ ಇರಬೇಕಾದ ಕಡೆ ಶಕ್ತಿಯನ್ನಿಟ್ಟರೆ ರಾಜ್ಯಕ್ಕೆ ಏನಾಗುತ್ತದೆಯೋ ಅದೇ ಆ ಆಟದ ಕಥೆಯಾಗಿರಬೇಕು.

ಮಗಳು: ಇದನ್ನು ಕೇಳಿ ನನಗೆ ಮೈ ಜುಮ್ಮೆನ್ನುತ್ತಿದೆ ದೊಡ್ಡಪ್ಪ. ಯಾಕೆ ಅಂತ ಹೇಳುತ್ತೇನೆ. 1991ರ ಆಟದ ಕೊನೆಯಲ್ಲಿ ಲಿಂಕ್ ಮೂರನ್ನೂ ಒಟ್ಟಿಗೆ ಮುಟ್ಟುತ್ತಾನೆ. ಅವನ ಬಯಕೆಯಿಂದ ಸತ್ತುಹೋಗಿದ್ದ ರಾಜ, ಸತ್ತುಹೋಗಿದ್ದ ಅವನ ಚಿಕ್ಕಪ್ಪ, ಎಲ್ಲರೂ ಮರಳುತ್ತಾರೆ. ತನಗಾಗಿ ಅವನು ಏನೂ ಕೇಳುವುದಿಲ್ಲ. 2002ರ ‘ವಿಂಡ್ ವೇಕರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೈರೂಲ್ ಸಮುದ್ರದ ತಳದಲ್ಲಿ ಮುಳುಗಿದೆ. ಗ್ಯಾನನ್‌ಡಾರ್ಫ್, ಅಂದರೆ ಅದೇ ಗ್ಯಾನನ್, ಕೊನೆಗೆ ತನ್ನ ಕಥೆ ಹೇಳುತ್ತಾನೆ. ಅವನ ಮರಳುಗಾಡಿನಲ್ಲಿ ಬೀಸುವ ಗಾಳಿ ಸಾವು ತರುತ್ತಿತ್ತು, ಹೈರೂಲಿನ ಹಸಿರುಗಾಳಿಗೆ ಅವನು ಆಸೆಪಟ್ಟ. ಅಷ್ಟು ವರ್ಷ ಕೇಡಿಗನಾಗಿಯೇ ಇದ್ದವನ ಬಾಯಲ್ಲಿ ಆ ಮಾತು ಕೇಳಿ ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟೆ. ಅವನು ಮುಟ್ಟುವ ಮೊದಲೇ ಹೈರೂಲಿನ ಹಳೆಯ ರಾಜ ಟ್ರೈಫೋರ್ಸ್ ಮೇಲೆ ಕೈಯಿಡುತ್ತಾನೆ. ನನ್ನ ರಾಜ್ಯ ಕೊಚ್ಚಿಹೋಗಲಿ, ಈ ಮಕ್ಕಳಿಗೆ ನಾಳೆ ಸಿಗಲಿ ಎಂಬುದು ಅವನ ಬಯಕೆ. ರಾಜ್ಯದ ಜೊತೆ ತಾನೂ ಮುಳುಗುತ್ತಾನೆ. ಲಾಂಛನದಲ್ಲಿಲ್ಲದ ಕರುಣೆ ಮನುಷ್ಯರ ಕಡೆಯಿಂದ ಬರುತ್ತದೆ. ಮೂರು ತ್ರಿಕೋನದ ನಡುವಿನ ಖಾಲಿ ಜಾಗ ಅದಕ್ಕೇ ಇದೆ ಅಂತ ನನಗನ್ನಿಸುತ್ತದೆ.

ದೊಡ್ಡಪ್ಪ: ಅದು ನಿನ್ನ ಓದು. ಅವರು ಹಾಗೆಂದುಕೊಂಡೇ ಖಾಲಿ ಬಿಟ್ಟರು ಅಂತ ಮಾತ್ರ ಎಲ್ಲೂ ಬರೆಯಬೇಡ. ಓದಾಗಿ ಅದು ಸೊಗಸಾಗಿದೆ, ಹಾಗೇ ಇಟ್ಟುಕೋ.

ಮಗಳು: ಸರಿ. ಇನ್ನೊಂದು ಓದೂ ಇದೆ, ಇದಕ್ಕೆ ನೀವು ಸಾಕ್ಷ್ಯ ಕೇಳಿದರೂ ನನ್ನ ಹತ್ತಿರ ಕೊಡಲು ಏನೋ ಇದೆ. 2017ರಲ್ಲಿ ‘ಬ್ರೆತ್ ಆಫ್ ದ ವೈಲ್ಡ್’ ಬಂತು. ಅದರ ಆಕಾಶದಲ್ಲಿ ಮೂರು ಡ್ರ್ಯಾಗನ್‌ಗಳು ಹಾರಾಡುತ್ತವೆ. ಪಾಶ್ಚಾತ್ಯ ಕಥೆಗಳಲ್ಲಿನ ಹಾಗೆ ರೆಕ್ಕೆ ಬಡಿಯುವ ಡ್ರ್ಯಾಗನ್ ಅಲ್ಲ, ಪೂರ್ವದೇಶಗಳ ಉದ್ದನೆಯ, ಹಾವಿನ ಮೈಯ ಡ್ರ್ಯಾಗನ್. ಹೆಸರು ದಿನ್ರಾಲ್, ನೈಡ್ರಾ, ಫಾರೋಶ್.

ದೊಡ್ಡಪ್ಪ: ದಿನ್, ನೈರು, ಫಾರೋರ್. ಮೂವರು ದೇವತೆಗಳು ಸರ್ಪವಾದರು.

ಮಗಳು: ಕೇಳಿ, ಇನ್ನೂ ಇದೆ. ಆ ರಾಜ್ಯದಲ್ಲಿ ಮೂರು ಪವಿತ್ರ ಬುಗ್ಗೆಗಳಿವೆ, ಶಕ್ತಿಯದು, ಜ್ಞಾನದ್ದು, ಧೈರ್ಯದ್ದು. ಪ್ರತಿಯೊಂದರ ನೀರಿನಲ್ಲೂ ಒಂದು ದೇವಿಯ ಕಲ್ಲಿನ ಮೂರ್ತಿ. ಜೆಲ್ಡಾ ಚಿಕ್ಕಂದಿನಿಂದ ಆ ತಣ್ಣೀರಿನಲ್ಲಿ ನಿಂತು ಪ್ರಾರ್ಥಿಸಿದ್ದಾಳೆ, ವರ್ಷಗಟ್ಟಲೆ, ಅವಳಿಗೆ ಉತ್ತರ ಸಿಕ್ಕಿಲ್ಲ. ನಾವು ಆಡುವಾಗ ಏನು ಮಾಡಬೇಕು ಗೊತ್ತೇ? ಹಾರುವ ಡ್ರ್ಯಾಗನ್‌ಗೆ ಬಾಣ ಬಿಡಬೇಕು. ಅದರ ಮೈಯಿಂದ ಒಂದು ಹುರುಪೆ ಉದುರುತ್ತದೆ. ಎಲ್ಲೋ ಬೆಟ್ಟದಾಚೆ ಹೊಳೆಯುತ್ತಾ ಬೀಳುವ ಅದನ್ನು ಹುಡುಕಿ ತಂದು, ಅದರದೇ ಬುಗ್ಗೆಯಲ್ಲಿ ದೇವಿಗೆ ಒಪ್ಪಿಸಬೇಕು. ಆಗ ಮೂರ್ತಿಯ ಹಿಂದೆ ಬಾಗಿಲು ತೆರೆಯುತ್ತದೆ. ಮೂರು ಬುಗ್ಗೆ, ಮೂರು ಹುರುಪೆ.

ದೊಡ್ಡಪ್ಪ: ನೀರು, ದೇವಿ, ಪ್ರಾರ್ಥನೆ, ಸರ್ಪ, ಮೂರು ಹುರುಪೆ. ಇದು ಬರಿಯ ಆಕಾರದ ಹೋಲಿಕೆಯಲ್ಲ ಮಗಳೇ. ಒಂದು ಆಕಾರ ತಾನಾಗಿ ಹುಟ್ಟಬಹುದು. ಇಷ್ಟು ಅಂಶಗಳು ಒಟ್ಟಿಗೆ, ಇದೇ ಸಂಬಂಧದಲ್ಲಿ, ಅದೂ ಜಪಾನಿನಲ್ಲೇ ಓದಿ ಬೆಳೆದವರ ಕೈಯಲ್ಲಿ ತಾನಾಗಿ ಸೇರಿದವು ಎಂದು ನಂಬುವುದು ನನಗೆ ಕಷ್ಟ. ಮಾಡಿದವರ ಮಾತು ಸಿಗುವವರೆಗೆ ಇದನ್ನು ಬಲವಾದ ಊಹೆ ಎಂದೇ ಕರೆಯುತ್ತೇನೆ, ಆದರೆ ಬಲವಾದದ್ದೇ. ಎನೋಶಿಮಾದ ಕಥೆ ಇಲ್ಲಿ ತಿರುವುಮುರುವು ಆಗಿರುವುದನ್ನೂ ನೋಡು. ಅಲ್ಲಿ ದೇವಿ ಹುರುಪೆ ಕೊಟ್ಟು ಹೋದಳು, ಇಲ್ಲಿ ಮನುಷ್ಯ ಹುರುಪೆಯನ್ನು ತಂದು ದೇವಿಗೆ ಕೊಡುತ್ತಾನೆ.

ಮಗಳು: 2023ರ ‘ಟಿಯರ್ಸ್ ಆಫ್ ದ ಕಿಂಗ್ಡಮ್’ನಲ್ಲಿ ಜೆಲ್ಡಾಳೇ ಡ್ರ್ಯಾಗನ್ ಆಗುತ್ತಾಳೆ. ಬಹಳ ಹಿಂದಿನ ಕಾಲಕ್ಕೆ ಒಬ್ಬಳೇ ಹೋಗಿಬಿಟ್ಟಿರುತ್ತಾಳೆ. ಲಿಂಕ್‌ನ ಮುರಿದ ಖಡ್ಗಕ್ಕೆ ಮತ್ತೆ ಕಸುವು ತುಂಬಬೇಕು, ಅದಕ್ಕೆ ಸಾವಿರಾರು ವರ್ಷ ಬೇಕು. ಒಂದು ಮಣಿ ನುಂಗಿದರೆ ಸಾವಿಲ್ಲದ ಡ್ರ್ಯಾಗನ್ ಆಗಬಹುದು, ಆದರೆ ತಾನು ಯಾರು ಅನ್ನುವುದು ಮರೆತುಹೋಗುತ್ತದೆ. ಅವಳು ನುಂಗುತ್ತಾಳೆ. ಖಡ್ಗವನ್ನು ಹೊತ್ತುಕೊಂಡು ಆಕಾಶದಲ್ಲಿ ಅಲೆಯುತ್ತಾ ಕಾಯುತ್ತಾಳೆ. ಆ ಮಣಿ ಅಲ್ಪವಿರಾಮ ಚಿಹ್ನೆಯ ಆಕಾರದಲ್ಲಿದೆ.

ದೊಡ್ಡಪ್ಪ: ಮಗತಾಮ! ಜಪಾನಿನ ಅತಿ ಹಳೆಯ ಆಭರಣಗಳಲ್ಲಿ ಒಂದು ಅದು. ಗೋರಿಗಳಲ್ಲಿ ಹಸಿರುಕಲ್ಲಿನವು ಸಿಕ್ಕಿವೆ. ಪಟ್ಟಾಭಿಷೇಕದ ಮೂರು ವಸ್ತುಗಳಲ್ಲಿನ ಮಣಿಯೂ ಅದೇ. ಕರುಣೆಗೆ ಜೋಡಿಸಿದ್ದರು ಅಂದೆನಲ್ಲ, ಆ ಮಣಿ.

ಮಗಳು: ತನ್ನ ನೆನಪನ್ನೇ ಬಿಟ್ಟುಕೊಟ್ಟು ಮಣಿ ನುಂಗಿದಳು.

ದೊಡ್ಡಪ್ಪ: ಹೆಣ್ಣು ಸರ್ಪವಾಗುವ ಕಥೆಗೆ ಜಪಾನಿನಲ್ಲಿ ಇನ್ನೊಂದು ಮುಖವೂ ಇದೆ, ಅದನ್ನೂ ತಿಳಿದಿರು. ‘ನೋ’ ಶೈಲಿಯ ದೋಜೋಜಿ ಎಂಬ ನಾಟಕದಲ್ಲಿ ಪ್ರೀತಿ ನಿರಾಕರಿಸಿದವನ ಮೇಲಿನ ಕೋಪದಿಂದ ಹೆಣ್ಣೊಬ್ಬಳು ಸರ್ಪವಾಗಿ, ಅವನು ಅಡಗಿದ್ದ ಗಂಟೆಯನ್ನು ಸುತ್ತಿ ಅವನನ್ನು ಸುಟ್ಟ ಕಥೆ ಬರುತ್ತದೆ. ಆ ಪಾತ್ರದ ಉಡುಪಿನ ತುಂಬ ತ್ರಿಕೋನಗಳ ಸಾಲು, ಅವೇ ಹುರುಪೆ. ಅಲ್ಲಿನ ಪ್ರೇಕ್ಷಕರಿಗೆ ತ್ರಿಕೋನದ ನೇಯ್ಗೆ ಕಂಡರೆ ಸರ್ಪ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆ ಕಥೆಯಲ್ಲಿ ಹೆಣ್ಣು ಸರ್ಪವಾಗುವುದು ಅವಳ ಪತನ. ಎನೋಶಿಮಾದಲ್ಲಿ ಅದು ಅವಳ ನಿಜರೂಪ. ನಿನ್ನ ಜೆಲ್ಡಾಳಲ್ಲಿ ತ್ಯಾಗ. ಒಂದೇ ಗುರುತು ಮೂರು ಬಗೆಯಲ್ಲಿ ನುಡಿಯಿತು.

ಮಗಳು: ಎಲ್ಲ ಗುರುತುಗಳೂ ಇಷ್ಟು ಜೋಪಾನವಾಗಿ ಬಂದಿಲ್ಲ ಅನ್ನುವುದನ್ನೂ ಹೇಳಬೇಕು. ಮೊದಲ ಆಟದಲ್ಲಿ ಲಿಂಕ್‌ನ ಗುರಾಣಿಯ ಮೇಲೆ ಶಿಲುಬೆ ಇತ್ತು. ಮಂತ್ರದ ಪುಸ್ತಕಕ್ಕೆ ಜಪಾನಿಯಲ್ಲಿ ಬೈಬಲ್ ಅಂತಲೇ ಹೆಸರಿತ್ತು, ಅಮೆರಿಕದಲ್ಲಿ ಅದನ್ನು ಬದಲಾಯಿಸಿದರು. ಧಾರ್ಮಿಕ ಚಿಹ್ನೆ ಬೇಡ ಅನ್ನುವುದು ನಿಂಟೆಂಡೋದ ಅಮೆರಿಕದ ಶಾಖೆಯ ನಿಯಮವಾಗಿತ್ತು. ದೇವತೆಗಳ ಟ್ರೈಫೋರ್ಸ್ ಅನ್ನುವ ಹೆಸರೂ ಅಲ್ಲಿ ಹೋಯಿತು, ಆ ಆಟದ ಪಾದ್ರಿ ಹೋಗಿ ಜ್ಞಾನಿಯಾದ. ಮೊದಲ ಆಟದ ಮೂರನೆಯ ನೆಲಮಾಳಿಗೆಯ ನಕ್ಷೆ ಸ್ವಸ್ತಿಕದ ಆಕಾರದಲ್ಲಿತ್ತು.

ದೊಡ್ಡಪ್ಪ: ಜಪಾನಿನಲ್ಲಿ ಅದು ಮಂಜಿ, ಬೌದ್ಧ ದೇಗುಲವನ್ನು ನಕ್ಷೆಯಲ್ಲಿ ತೋರಿಸುವ ಗುರುತು. ನಮಗೆ ಹೊಸ್ತಿಲ ರಂಗೋಲಿ, ಏಳನೆಯ ತೀರ್ಥಂಕರ ಸುಪಾರ್ಶ್ವನಾಥರ ಲಾಂಛನ. ಯುರೋಪಿನಲ್ಲಿ ಅದೇ ಆಕಾರವನ್ನು ಹೊತ್ತ ಬಾವುಟದ ಕೆಳಗೆ ಲಕ್ಷಾಂತರ ಜನರನ್ನು ಕೊಂದರು. ಇದು ನಮ್ಮದು, ಪವಿತ್ರವಾದದ್ದು ಎಂದು ಹೇಳುವ ಹಕ್ಕು ನಮಗಿದೆ. ನೋವುಂಡವರ ಮುಂದೆ ಹೇಳುವಾಗ ದನಿ ತಗ್ಗಿಸುವ ಹೊಣೆಯೂ ಇದೆ.

ಮಗಳು: ಇದಕ್ಕಿಂತ ನನಗೆ ಬೇಸರ ತರಿಸುವುದು 1998ರ ಆಟದ ವಿಷಯ. ಗ್ಯಾನನ್‌ಡಾರ್ಫ್ ಹುಟ್ಟಿದ್ದು ಗೆರುಡೋ ಅನ್ನುವ ಮರಳುಗಾಡಿನ ಬುಡಕಟ್ಟಿನಲ್ಲಿ. ಕಳ್ಳತನವೇ ಕಸುಬು ಅಂತ ಅವರನ್ನು ತೋರಿಸಿದ್ದರು. ಅವರ ಲಾಂಛನ ಅರ್ಧಚಂದ್ರ ಮತ್ತು ನಕ್ಷತ್ರ. ಬೆಂಕಿಯ ದೇಗುಲದ ಸಂಗೀತದಲ್ಲಿ ಇಸ್ಲಾಮಿನ ಪ್ರಾರ್ಥನೆಯ ದನಿಯಿತ್ತು.

ದೊಡ್ಡಪ್ಪ: ಇದು ತಪ್ಪು. ಕೋಟ್ಯಂತರ ಜನ ನಮಾಜು ಮಾಡುವ ಮಸೀದಿಯ ಮೇಲೆ ಕಾಣುವ ಗುರುತನ್ನು ಕಳ್ಳರ ಬಾವುಟಕ್ಕೆ ಹಾಕುವುದು ಯಾವ ಕಲ್ಪನೆಯ ಹೆಸರಿನಲ್ಲೂ ಸರಿಯಲ್ಲ. ತಮಗೆ ಅಪಮಾನವಾಯಿತು ಎಂದು ಹೇಳಿಕೊಳ್ಳಲು ಹೋಜೋ ಮನೆತನದಿಂದ ಇವತ್ತು ಯಾರೂ ಬರುವುದಿಲ್ಲ. ನಡೆಯುತ್ತಿರುವ ನಂಬಿಕೆಯ ವಿಷಯ ಹಾಗಲ್ಲ, ಅದನ್ನು ಎದೆಗೊತ್ತಿಕೊಂಡ ಮಗು ಆ ಆಟವನ್ನೇ ಆಡುತ್ತಿರುತ್ತದೆ.

ಮಗಳು: ಆಮೇಲಿನ ಪ್ರತಿಗಳಲ್ಲಿ ಸಂಗೀತ ತೆಗೆದರು. ಲಾಂಛನಕ್ಕೆ ಬೇರೆಯದೇ ಆಕಾರ ಕೊಟ್ಟರು. 2017ರ ಆಟದಲ್ಲಿ ಅದೇ ಗೆರುಡೋ ಜನರಿಗೆ ಸ್ವಂತ ಪಟ್ಟಣ, ಪೇಟೆ, ಜಾಣ ರಾಣಿ. ಲಿಂಕ್‌ಗೆ ನೆರವಾಗುವವರಲ್ಲಿ ಅವರೂ ಇದ್ದಾರೆ.

ದೊಡ್ಡಪ್ಪ: ಒಳ್ಳೆಯದಾಯಿತು. ಬೇರೆ ಲಾಂಛನಗಳೂ ಇವೆಯೇ?

ಮಗಳು: ತುಂಬಾ. ರಾಜಮನೆತನದ್ದು ಟ್ರೈಫೋರ್ಸ್ ಕೆಳಗೆ ರೆಕ್ಕೆ ಬಿಚ್ಚಿದ ಕೆಂಪು ಹಕ್ಕಿ. ಆ ಹಕ್ಕಿ ಯಾವುದೆಂದು ಹೇಳಲು 2011ರ ‘ಸ್ಕೈವರ್ಡ್ ಸ್ವೋರ್ಡ್’ ಬರಬೇಕಾಯಿತು, ಅಲ್ಲೂ ಗುರುತು ಮೊದಲು ಕಥೆ ಆಮೇಲೆ. ನೆರಳಿನಲ್ಲಿದ್ದು ರಾಜಮನೆತನವನ್ನು ಕಾಯುವ ಶೀಕಾ ಜನರದು ಒಂದು ಕಣ್ಣು, ಮೇಲೆ ಮೂರು ತ್ರಿಕೋನದ ರೆಪ್ಪೆ, ಕೆಳಗೊಂದು ಹನಿ. 2017ರ ಆಟದಲ್ಲಿ ಅವರ ಯಂತ್ರಗಳಿಗೆ ಜಪಾನಿನ ಪ್ರಾಚೀನ ಜೋಮೋನ್ ಕಾಲದ ಮಡಕೆಗಳ ಸುರುಳಿಗಳನ್ನು ಕೊಟ್ಟಿದ್ದಾರೆ. ಇದನ್ನು ಕಲಾ ನಿರ್ದೇಶಕ ಸತೋರು ತಕಿಜಾವ ಅವರೇ ಹೇಳಿದ್ದಾರೆ, ಇಲ್ಲಿ ಊಹೆ ಬೇಕಿಲ್ಲ. ಹತ್ತು ಸಾವಿರ ವರ್ಷಕ್ಕೂ ಹೆಚ್ಚು ನಡೆದ ಕಾಲದ ಮಣ್ಣಿನ ಕೆಲಸ ಕಥೆಯಲ್ಲಿ ಕಳೆದುಹೋದ ವಿಜ್ಞಾನವಾಯಿತು. ‘ಸ್ಕೈವರ್ಡ್ ಸ್ವೋರ್ಡ್’ನಲ್ಲೇ ಒಂದು ಪ್ರಾಚೀನ ಜಲಾಗಾರ ಇದೆ. ಮೇಲೆ ತಾವರೆಗಳು, ನಡುವೆ ಬುದ್ಧನನ್ನು ನೆನಪಿಸುವ ಬೃಹತ್ ಮೂರ್ತಿ, ಕೆಳಗೆ ಕತ್ತಲ ನರಕ. ಆ ಕತ್ತಲಿಂದ ಹಗ್ಗ ಹಿಡಿದು ಹತ್ತುವಾಗ ಹಿಂದಿನಿಂದ ಸತ್ತವರು ಹತ್ತಿಬರುತ್ತಾರೆ.

ದೊಡ್ಡಪ್ಪ: ಜಪಾನಿನ ಲೇಖಕ ಅಕುತಗಾವ 1918ರಲ್ಲಿ ಬರೆದ ಜೇಡನ ಎಳೆಯ ಕಥೆ! ನರಕದಲ್ಲಿರುವ ಕಳ್ಳನಿಗೆ ಬುದ್ಧ ಮೇಲಿಂದ ಒಂದು ಎಳೆ ಇಳಿಬಿಡುತ್ತಾನೆ. ಹಿಂದೆ ಹತ್ತುವವರನ್ನು ಕಂಡು ಇದು ನನ್ನದು, ಇಳಿಯಿರಿ ಎಂದು ಅವನು ಕೂಗಿದ ಕ್ಷಣ ಎಳೆ ಹರಿಯುತ್ತದೆ. ಜಪಾನಿನ ಮಕ್ಕಳು ಶಾಲೆಯಲ್ಲೇ ಓದುವ ಕಥೆ. ಆಡುವವರು ಅದನ್ನು ಕೈಯಾರೆ ಹತ್ತುತ್ತಾರೆ ಎಂದರೆ, ನಾನು ಪುಸ್ತಕದಲ್ಲಿ ಓದಿ ಪಡೆದದ್ದಕ್ಕಿಂತ ಅವರಿಗೆ ಸಿಗುವುದು ಕಡಿಮೆಯೇನಲ್ಲ.

ಮಗಳು: 2024ರ ಸೆಪ್ಟೆಂಬರಿನಲ್ಲಿ ‘ಎಕೋಸ್ ಆಫ್ ವಿಸ್ಡಮ್’ ಬಂತು ದೊಡ್ಡಪ್ಪ. ಸರಣಿಗೆ ಹೆಸರು ಕೊಟ್ಟಿದ್ದರೂ ಕಾಪಾಡಿಸಿಕೊಳ್ಳಲು ಕಾಯುತ್ತಿದ್ದವಳು ಮುಖ್ಯ ಆಟವೊಂದರಲ್ಲಿ ತಾನೇ ಕಥೆಯ ನಾಯಕಿಯಾದಳು. ನೋಡಿದ ವಸ್ತುವನ್ನು ಅರಿತು ಅದರ ಪ್ರತಿಯನ್ನು ಸೃಷ್ಟಿಸುವುದೇ ಅವಳ ಬಲ. ನಾನು ಈಗ ಕೆಲಸ ಮಾಡುತ್ತಿರುವ ಆಟಕ್ಕೂ ಒಂದು ಲಾಂಛನ ಬರೆಯಬೇಕಾಗಿದೆ. ನಮ್ಮ ನಾಡಿನದೇ ಇರಲಿ ಅಂತ ಎಲ್ಲರ ಆಸೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ‘ರಾಜಿ’ ಅನ್ನುವ ಆಟ ಮಾಡಿ ದಾರಿ ತೋರಿಸಿದ್ದಾರೆ. ನನ್ನ ಮನಸ್ಸಿನಲ್ಲಿರುವುದು ಗಂಡಭೇರುಂಡ.

ದೊಡ್ಡಪ್ಪ: ಹಾಗಿದ್ದರೆ ಫೋನಿನಲ್ಲಿ ಸಿಗುವ ಚಿತ್ರ ನೋಡಿ ಗೆರೆ ಎಳೆಯಬೇಡ. ನೀನೂ ನಿನ್ನ ಜೊತೆಯವರೂ ಮೊದಲು ಬಳ್ಳಿಗಾವಿಗೆ ಹೋಗಿಬನ್ನಿ. ಅಲ್ಲಿ 1047ರಲ್ಲಿ ನೆಟ್ಟ ಗಂಡಭೇರುಂಡ ಸ್ತಂಭ ಇದೆ. ಆಮೇಲೆ ವಿಜಯನಗರದ ನಾಣ್ಯದಲ್ಲಿರುವುದನ್ನು, ಮೈಸೂರು ಅರಸರದನ್ನು, ಇವತ್ತಿನ ಸರ್ಕಾರದ್ದನ್ನು ಅದರ ಪಕ್ಕ ಇಟ್ಟು ನೋಡಿ. ಬಳ್ಳಿಗಾವಿಯ ಗಂಡಭೇರುಂಡಕ್ಕೆ ತಲೆ ಮಾತ್ರ ಹಕ್ಕಿಯದು, ಮೈ ಮನುಷ್ಯನದು.